ಕುಂಡದ ಮಣ್ಣು ಕೈಕೊಟ್ಟಾಗ: ಗೊಬ್ಬರ ಸುರಿಯುವ ಮೊದಲು ಏನೇನು ನೋಡಬೇಕು

ತಾರಸಿಯ ಮೇಲೆ ಮೊದಲ ಸಲ ಗಿಡ ಹಾಕಿದಾಗ ನಾನು 14 ಗ್ರೋ ಬ್ಯಾಗ್ ತುಂಬಿಸಿದ್ದೆ. ತುಮಕೂರಿನ ಸುತ್ತ ಸಿಗುವ ಕೆಂಪು ಮಣ್ಣು ಅರ್ಧ, ಊರಿಂದ ತಂದ ಕೊಟ್ಟಿಗೆ ಗೊಬ್ಬರ ಅರ್ಧ, ಅದರ ಜೊತೆಗೆ ನೀರಲ್ಲಿ ಅರಳಿಸಿ ಹಾಗೇ ಸುರಿದ ಒಂದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ. ಎಲ್ಲವೂ ಸಾವಯವ, ಇನ್ನೇನು ಬೇಕು ಅಂದುಕೊಂಡೆ. ಟೊಮೆಟೊ ಸಸಿಗಳು ನಾಲ್ಕು ಎಲೆಗೆ ನಿಂತುಬಿಟ್ಟವು. ಮೂರು ವಾರ ಕದಲಲಿಲ್ಲ. ಎಲೆಗಳು ಹಳದಿಯಾದವು. ಗೊಬ್ಬರ ಸಾಲಲಿಲ್ಲವೇನೋ ಅಂತ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕಿದೆ, ಇನ್ನೊಂದೊಂದು ಹಿಡಿ ಎರೆಗೊಬ್ಬರ ಹಾಕಿದೆ, ಸಸಿಗಳು ಇನ್ನಷ್ಟು ಸೊರಗಿದವು.

ಕೊನೆಗೆ ಒಂದು ಬ್ಯಾಗನ್ನು ಗೋಣಿಚೀಲದ ಮೇಲೆ ಬೋರಲು ಹಾಕಿದೆ. ಮೇಲಿನ ನಾಲ್ಕು ಇಂಚು ಗಟ್ಟಿ ಹೆಂಟೆ. ಅದರ ಕೆಳಗೆ ಕಪ್ಪಗೆ ಕೆಸರು, ಚರಂಡಿ ವಾಸನೆ. ಗೊಬ್ಬರದಲ್ಲಿ ರಾಗಿ ಹುಲ್ಲಿನ ಕಡ್ಡಿಗಳು ಹಾಗೇ ಇದ್ದವು, ಒಂದೂ ಕೊಳೆತಿರಲಿಲ್ಲ. ಬೇರಿನ ತುದಿಗಳು ಸುಟ್ಟಂತೆ ಕಂದು. ನೀರು ನಿಂತದ್ದು ಒಂದು, ಹಸಿ ಗೊಬ್ಬರ ಒಂದು, ತೊಳೆಯದ ಕೋಕೋಪೀಟಿನ ಉಪ್ಪು ಒಂದು, ಮೂರೂ ತಪ್ಪು ಒಂದೇ ಚೀಲದಲ್ಲಿ. ಅದರ ಮೇಲೆ ನಾನು ಹಾಕಿದ ಪ್ರತಿ ಹಿಡಿ ಗೊಬ್ಬರವೂ ಕಷ್ಟವನ್ನು ಹೆಚ್ಚಿಸುತ್ತಿತ್ತು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ಕಲಸಿದ ಮಣ್ಣಲ್ಲಿ ಗಿಡ ಸೊರಗಿದರೆ ಅದಕ್ಕೆ ಹಸಿವಾಗಿದೆ ಅಂದುಕೊಳ್ಳಬೇಡಿ. ಬಹಳಷ್ಟು ಸಲ ಬೇರಿಗೆ ಗಾಳಿ ಸಿಗುತ್ತಿರುವುದಿಲ್ಲ, ಇಲ್ಲಾ ಬೇರು ಸುಡುತ್ತಿರುತ್ತದೆ. ಕಾರಣ ಗೊತ್ತಾಗುವವರೆಗೆ ಏನನ್ನೂ ಸೇರಿಸಬೇಡಿ. ಜೀವಾಮೃತವೂ ಬೇಡ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ಬೇಳೆ ಹಿಟ್ಟು ಹಾಕಿ ಮಾಡುವ ಆ ದ್ರಾವಣವನ್ನು ನಾನೂ ಮಾಡುತ್ತೇನೆ, ಒಳ್ಳೆಯ ಮಣ್ಣಿಗೆ ಹಾಕುತ್ತೇನೆ. ಆದರೆ ನೀರು ನಿಂತ ಕುಂಡಕ್ಕೆ ಬೆಲ್ಲದ ನೀರು ಹೋದರೆ ಅಲ್ಲಿನ ಸೂಕ್ಷ್ಮಜೀವಿಗಳು ಒಮ್ಮೆಲೇ ಹೆಚ್ಚಿ ಉಳಿದಿದ್ದ ಅಷ್ಟಿಷ್ಟು ಆಮ್ಲಜನಕವನ್ನೂ ಮುಗಿಸುತ್ತವೆ.

ಮೊದಲು ಒಂದು ಗಿಡ ಕಿತ್ತು ನೋಡಿ

ಇದಕ್ಕೆ ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಎಲ್ಲಕ್ಕಿಂತ ಜಾಸ್ತಿ ಸೊರಗಿದ ಒಂದು ಗಿಡವನ್ನು ಆರಿಸಿ, ಮಣ್ಣಿನ ಸಮೇತ ಹೊರಗೆ ತೆಗೆಯಿರಿ. ಬೇರು ನೋಡಿ. ಬೆಳ್ಳಗೆ, ಗಟ್ಟಿಯಾಗಿ ಇದ್ದರೆ ಬೇರು ಚೆನ್ನಾಗಿದೆ, ತೊಂದರೆ ಬೇರೆ ಕಡೆ ಇದೆ. ಕಂದಾಗಿ, ಲೋಳೆಯಾಗಿ, ಎರಡು ಬೆರಳಲ್ಲಿ ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿದರೆ ಅದು ನೀರಿನ ಕೊಳೆ. ತುದಿ ಮಾತ್ರ ಒಣಗಿ ಸುಟ್ಟಂತಿದ್ದರೆ ಉಪ್ಪು ಅಥವಾ ಹಸಿ ಗೊಬ್ಬರ. ಬೇರಿನ ತುಂಬ ಗಂಟು ಗಂಟಾಗಿದ್ದರೆ ಬೇರುಗಂಟು ಜಂತುಹುಳು. ಬೀನ್ಸ್, ಅಲಸಂದೆ, ಅವರೆಯಲ್ಲಿ ಮಾತ್ರ ಅವಸರ ಬೇಡ, ಅವುಗಳಲ್ಲಿ ಗಂಟು ಇರಬೇಕಾದದ್ದೇ. ಅವು ಉಗುರಲ್ಲಿ ಮೀಟಿದರೆ ಕಳಚಿಬರುತ್ತವೆ, ಒಳಗೆ ಗುಲಾಬಿ ಬಣ್ಣ ಇರುತ್ತದೆ. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು, ಕಳಚುವುದಿಲ್ಲ.

ಆಮೇಲೆ ಮಣ್ಣು ಮೂಸಿ. ಮೊದಲ ಮಳೆ ಬಿದ್ದಾಗಿನ ವಾಸನೆ ಇದ್ದರೆ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ. ಮೂಗಿಗೆ ಚುರ್ ಅನ್ನುವ ಅಮೋನಿಯಾ ಘಾಟು ಬಂದರೆ ಗೊಬ್ಬರ ಇನ್ನೂ ಹಸಿ.

ಕೊನೆಗೆ ಒಂದು ಹಿಡಿ ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ತಂಬಿಟ್ಟಿನ ಉಂಡೆಯ ಹಾಗೆ ನಿಂತು, ಬೆರಳಿಂದ ತಟ್ಟಿದ ಕೂಡಲೇ ಉದುರಬೇಕು. ರಾಗಿ ಮುದ್ದೆಯ ಹಾಗೆ ಅಂಟಿಕೊಂಡೇ ಇದ್ದರೆ ಜೇಡಿ ಜಾಸ್ತಿ. ಉಂಡೆಯೇ ಕಟ್ಟದಿದ್ದರೆ ಮರಳೋ ಹೊಟ್ಟೋ ಜಾಸ್ತಿ, ನೀರು ನಿಲ್ಲುವುದಿಲ್ಲ.

ನೀರು ಇಳಿಯುತ್ತಿಲ್ಲವೇ?

ಮೊದಲು ತಳದ ತೂತು ನೋಡಿ. ಇದನ್ನು ಹೇಳಬೇಕಾ ಅನ್ನಿಸಬಹುದು, ಆದರೆ ನನ್ನ 14 ಬ್ಯಾಗುಗಳಲ್ಲಿ ಐದು ತಾರಸಿ ನೆಲಕ್ಕೆ ಚಪ್ಪಟೆಯಾಗಿ ಅಂಟಿ ಕೂತು ತೂತು ಮುಚ್ಚಿಹೋಗಿತ್ತು. ಎರಡು ಇಟ್ಟಿಗೆಯ ಮೇಲೆ ಎತ್ತಿ ಇಟ್ಟರೆ ಆ ಐದರ ತೊಂದರೆ ಅರ್ಧ ಮುಗಿಯುತ್ತಿತ್ತು.

ತೂತು ಸರಿಯಿದ್ದರೆ ಒಂದು ಲೀಟರ್ ನೀರು ನಿಧಾನಕ್ಕೆ ಸುರಿಯಿರಿ. ಹಿಂದಿನ ದಿನ ನೀರು ಕುಡಿದ ಕುಂಡದಲ್ಲಿ ಒಂದೆರಡು ನಿಮಿಷದಲ್ಲಿ ಕೆಳಗೆ ಜಿನುಗು ಶುರುವಾಗಬೇಕು. ಮೇಲೇ ಕೆರೆಯ ಹಾಗೆ ನಿಂತರೆ ಮಣ್ಣು ಬಿಗಿದಿದೆ. ಸುರಿದ ಕೂಡಲೇ ಸರ್ರಂತ ಕೆಳಗೆ ಬಂದು, ಕುಂಡ ಎತ್ತಿದರೆ ಹಗುರವಾಗೇ ಇದ್ದರೆ ಅದು ಬೇರೆ ಕಥೆ. ಮಣ್ಣು ಒಣಗಿ ಕುಗ್ಗಿ ಅಂಚಿನಿಂದ ಬಿಟ್ಟುಕೊಂಡಿದೆ, ನೀರು ಆ ಸಂದಿಯಿಂದ ಹೋಗುತ್ತಿದೆ, ನಡುವೆ ಬೇರಿಗೆ ಒಂದು ಹನಿಯೂ ಸಿಗುತ್ತಿಲ್ಲ. ಅಂಥ ಕುಂಡವನ್ನು ಟಬ್ಬಿನಲ್ಲಿ ಅರ್ಧ ಗಂಟೆ ಇಟ್ಟು ಕೆಳಗಿನಿಂದ ನೀರು ಕುಡಿಸಿ, ಆಮೇಲೆ ಅಂಚನ್ನು ಬೆರಳಿಂದ ಒತ್ತಿ ಮುಚ್ಚಿ.

ಮಣ್ಣು ಬಿಗಿಯುವುದು ಯಾಕೆ ಅಂದರೆ, ನಮ್ಮ ಕೆಂಪು ಮಣ್ಣು ಹೊಲದಲ್ಲಿ ಚೆನ್ನಾಗಿಯೇ ಇರುತ್ತದೆ. ಅಲ್ಲಿ ಎರೆಹುಳು ಇದೆ, ಹಳೆಯ ಬೇರುಗಳ ಕೊಳವೆ ಇದೆ, ಕೆಳಗೆ ಆಳದವರೆಗೂ ಮಣ್ಣೇ ಇದೆ, ನೀರು ಇಳಿದು ಹೋಗುತ್ತದೆ. ಅದೇ ಮಣ್ಣನ್ನು ಒಂದು ಅಡಿ ಕುಂಡದಲ್ಲಿ ತುಂಬಿ ಮೇಲಿಂದ ಪೈಪಿನಲ್ಲಿ ನೀರು ಬಿಟ್ಟರೆ ಸಣ್ಣ ಕಣಗಳೆಲ್ಲ ಎದ್ದು ದೊಡ್ಡ ಕಣಗಳ ನಡುವೆ ಕೂತು ಗಾರೆಯ ಹಾಗೆ ಕಚ್ಚಿಕೊಳ್ಳುತ್ತವೆ. ನಿಮ್ಮ ಮಣ್ಣಲ್ಲಿ ಜೇಡಿ ಎಷ್ಟಿದೆ ಅಂತ ನೋಡಲು ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ. ಅದರ ಮೇಲೆ ಗೋಡು, ಅಂದರೆ ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣ, ಕೆಲವು ಗಂಟೆಗಳಲ್ಲಿ. ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಬೇಕು. ಜೇಡಿಯ ಪದರವೇ ಮೂರನೇ ಒಂದು ಭಾಗದಷ್ಟಿದ್ದರೆ ನಾನು ಆ ಮಣ್ಣನ್ನು ಒಟ್ಟು ಮಿಶ್ರಣದ ಕಾಲು ಭಾಗಕ್ಕಿಂತ ಹೆಚ್ಚು ಹಾಕುವುದಿಲ್ಲ.

ಇನ್ನು ಹೆಂಚಿನ ಚೂರಿನ ವಿಷಯ. ತಳದಲ್ಲಿ ಎರಡು ಇಂಚು ಜಲ್ಲಿಯೋ ಹೆಂಚಿನ ಚೂರೋ ಹಾಕಿದರೆ ನೀರು ಬೇಗ ಬಸಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹಾಗೇ ಮಾಡಿದ್ದೆ. ಪಾತ್ರೆ ತೊಳೆಯುವ ಸ್ಪಂಜ್ ತೆಗೆದುಕೊಂಡು ನೀರಲ್ಲಿ ಅದ್ದಿ ಅಡ್ಡವಾಗಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಅಂದರೆ ಎತ್ತರ ಕಡಿಮೆಯಾದಷ್ಟೂ ನೀರು ಹಿಡಿದಿಟ್ಟುಕೊಳ್ಳುವ ಪಾಲು ಜಾಸ್ತಿ. ಕುಂಡದ ಮಣ್ಣೂ ಹೀಗೇ. ಅದರ ತಳದಲ್ಲಿ ಒಂದು ಒದ್ದೆ ಪಟ್ಟಿ ಯಾವಾಗಲೂ ಇರುತ್ತದೆ. ಕೆಳಗೆ ಜಲ್ಲಿ ತುಂಬಿದರೆ ಆ ಪಟ್ಟಿ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ. ಮಣ್ಣು ಜಾರದ ಹಾಗೆ ತೂತಿನ ಮೇಲೆ ಒಂದು ಚೂರು ಅಥವಾ ಸೊಳ್ಳೆ ಪರದೆಯ ತುಂಡು ಇಟ್ಟರೆ ಸಾಕು. ಆ ಎರಡು ಇಂಚನ್ನು ಮಣ್ಣಿಗೇ ಬಿಡಿ.

ಬಿಗಿದ ಮಣ್ಣಿಗೆ ಮೇಲಿಂದ ಮರಳು ಎರಚಿದರೆ ಆಗುವುದಿಲ್ಲ, ಹೊರಗೆ ಸುರಿದೇ ಕಲಸಬೇಕು. ಸುಟ್ಟು ಕಪ್ಪಾದ ಭತ್ತದ ಹೊಟ್ಟು ನನಗೆ ಇಷ್ಟ, ಹಗುರ, ಗಾಳಿಗೆ ಜಾಗ ಕೊಡುತ್ತದೆ. ಪೂರ್ತಿ ಸುಟ್ಟು ಬೆಳ್ಳಗಾದ ಬೂದಿ ಬೇಡ, ಅದು ಮಣ್ಣನ್ನು ಕ್ಷಾರ ಮಾಡುತ್ತದೆ. ಎಂ ಸ್ಯಾಂಡ್ ಹಾಕುವುದಾದರೆ ತೊಳೆದು ಧೂಳು ಕಳೆದು ದಪ್ಪ ಕಣ ಮಾತ್ರ ಹಾಕಿ, ಧೂಳು ಉಳಿದರೆ ಜೇಡಿಯ ಕೆಲಸವನ್ನೇ ಮಾಡುತ್ತದೆ. ಮನೆ ಕಟ್ಟುವ ಕಡೆ ಗುಡಿಸಿದ ಮರಳು ಪುಕ್ಕಟೆ ಸಿಕ್ಕರೂ ತರಬೇಡಿ. ಅನುಮಾನ ಇದ್ದರೆ ಒಂದು ಚಮಚ ಮರಳಿಗೆ ವಿನೆಗರ್ ಹಾಕಿ. ನೊರೆ ಎದ್ದರೆ ಸಿಮೆಂಟೋ ಸುಣ್ಣವೋ ಸೇರಿದೆ.

ಗೊಬ್ಬರ ಹಸಿಯಾಗಿದೆಯೇ?

ಹೊಸಬರ ಕೈಯಲ್ಲಿ ಜಾಸ್ತಿ ಆಗುವ ತಪ್ಪು ಇದೇ, ಯಾಕಂದರೆ ನೋಡಲು ಕಪ್ಪಗಿರುವುದೆಲ್ಲ ಮಾಗಿದ ಗೊಬ್ಬರ ಅನ್ನಿಸುತ್ತದೆ. ನಾನು ದುಡ್ಡು ಕೊಟ್ಟು ಒಂದು ನರ್ಸರಿಯಿಂದ ತಂದ ಚೀಲದಲ್ಲೂ ಸಗಣಿಯ ಉಂಡೆಗಳು ಒಡೆದರೆ ಒಳಗೆ ಹಸಿರಾಗೇ ಇದ್ದವು.

ಮಾಗಿದೆಯೋ ಇಲ್ಲವೋ ತಿಳಿಯಲು ಎರಡು ದಾರಿ. ಗುಡ್ಡೆ ಇದ್ದರೆ ಅದರ ನಡುವೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ. ಬಿಸಿ ಇದ್ದರೆ ಒಳಗೆ ಕೆಲಸ ಇನ್ನೂ ನಡೆಯುತ್ತಿದೆ. ಸ್ವಲ್ಪವೇ ಇದ್ದರೆ ಒಂದು ಹಿಡಿ ಗೊಬ್ಬರವನ್ನು ತೇವ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಘಾಟೋ ಹುಳಿಯೋ ಹೊಡೆದರೆ ಕುಂಡಕ್ಕೆ ಬೇಡ.

ಹಸಿ ಗೊಬ್ಬರದಿಂದ ಗಿಡಕ್ಕೆ ಎರಡು ಥರ ಪೆಟ್ಟು ಬೀಳುತ್ತದೆ. ಹಸಿ ಸಗಣಿ, ಕೋಳಿ ಗೊಬ್ಬರದಲ್ಲಿ ಅಮೋನಿಯಾ ಇರುತ್ತದೆ, ಬೇರಿನ ತುದಿ ಸುಡುತ್ತದೆ. ಇನ್ನೊಂದು ನಿಧಾನದ್ದು. ಹುಲ್ಲು, ಒಣ ಎಲೆ, ಮರದ ಪುಡಿ ಇವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಅವು ಅದನ್ನು ಮಣ್ಣಿಂದಲೇ ಎಳೆದುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. ಕೋಕೋಪೀಟಿನಲ್ಲಿ ಒಂದು ಪಾಲು ಸಾರಜನಕಕ್ಕೆ 100 ಪಾಲಿಗೂ ಹೆಚ್ಚು ಇಂಗಾಲ ಇರುತ್ತದೆ. ಮಾಗಿದ ಕಾಂಪೋಸ್ಟಿನಲ್ಲಿ ಸುಮಾರು 20 ಅಥವಾ ಅದಕ್ಕೂ ಕಡಿಮೆ. ಈ ವ್ಯತ್ಯಾಸದಿಂದಲೇ ಮೊದಲು ಕೆಳಗಿನ ಹಳೆಯ ಎಲೆಗಳು ತಿಳಿ ಹಳದಿಯಾಗಿ, ಗಿಡ ನಿಂತಲ್ಲೇ ನಿಲ್ಲುತ್ತದೆ.

ಬೇವಿನ ಹಿಂಡಿ, ಹೊಂಗೆ ಹಿಂಡಿ ಹಾಕಿದ ಮಿಶ್ರಣಕ್ಕೂ ಇದೇ ಮಾತು. ಹಿಂಡಿ ತೇವಕ್ಕೆ ಬಿದ್ದ ಮೊದಲ ದಿನಗಳಲ್ಲಿ ಕೊಳೆತು ಬಿಸಿಯಾಗುತ್ತದೆ. 10 ಲೀಟರ್ ಮಿಶ್ರಣಕ್ಕೆ ಒಂದು ಹಿಡಿ ಸಾಕು, ಅದನ್ನೂ ಕಲಸಿ ಎರಡು ವಾರ ನೆರಳಲ್ಲಿ ಇಟ್ಟು ಆಮೇಲೆ ನೆಡಿ.

ಈಗಾಗಲೇ ಹಸಿ ಗೊಬ್ಬರ ಬಿದ್ದುಹೋಗಿದ್ದರೆ ಎಸೆಯಬೇಡಿ, ಇದು ಹಾಳಾದ ಮಣ್ಣಲ್ಲ. ಎಲ್ಲವನ್ನೂ ಒಂದು ಮೂಲೆಯಲ್ಲಿ ಗುಡ್ಡೆ ಮಾಡಿ, ಹಿಸುಕಿದರೆ ನೀರು ತೊಟ್ಟಿಕ್ಕದಷ್ಟು ತೇವ ಇಟ್ಟು, ಗೋಣಿಚೀಲ ಮುಚ್ಚಿ, ವಾರಕ್ಕೊಮ್ಮೆ ಮಗುಚಿ. ನನ್ನ ಗುಡ್ಡೆ ಮಾಗಲು ಆರು ವಾರ ಹಿಡಿಯಿತು.

ಕೋಕೋಪೀಟಿನ ಉಪ್ಪು

ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ತೆಂಗು ನಮ್ಮ ಕಣ್ಣೆದುರೇ ಇದೆ, ಹಾಗಾಗಿ ನಾರಿನ ಪುಡಿ ಅಗ್ಗಕ್ಕೆ ಸಿಗುತ್ತದೆ. ಆದರೆ ಅದರಲ್ಲಿ ಪೊಟ್ಯಾಶಿಯಂ, ಸೋಡಿಯಂ ಲವಣಗಳು ಸಹಜವಾಗೇ ಇರುತ್ತವೆ. ತೊಳೆಯದೆ ಹಾಕಿದರೆ ಎಲೆಯ ಅಂಚು ಒಣಗಿ ಕಂದಾಗುತ್ತದೆ, ಬೀಜ ಮೊಳೆತರೂ ಮೇಲೇಳುವುದಿಲ್ಲ. ಇಟ್ಟಿಗೆಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಹೊಸ ನೀರು ಹಾಕಿ, ಹೀಗೆ ಮೂರು ಸಲ. ಮೊದಲ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಕುಡಿಯುವ ನೀರು ನೋಡುವ ಟಿಡಿಎಸ್ ಪೆನ್ ಮನೆಯಲ್ಲಿದ್ದರೆ ಹಿಂಡಿದ ನೀರಿಗೆ ಅದ್ದಿ ನೋಡಿ, ನಿಮ್ಮ ನಲ್ಲಿ ನೀರಿನ ಅಂಕಿಗಿಂತ ತೀರಾ ಮೇಲಿದ್ದರೆ ಇನ್ನೊಂದು ಸಲ ತೊಳೆಯಿರಿ. 5 ಕೆಜಿ ಇಟ್ಟಿಗೆ ಅರಳಿದರೆ 60-70 ಲೀಟರ್ ಆಗುತ್ತದೆ, ಒಮ್ಮೆಲೇ ಎಲ್ಲವನ್ನೂ ನೆನೆಸಲು ಹೋಗಬೇಡಿ, ಮುರಿದು ಬೇಕಾದಷ್ಟೇ ತೆಗೆದುಕೊಳ್ಳಿ.

ತೂಕಕ್ಕೆ ಹೆದರಿ ಮಣ್ಣೇ ಇಲ್ಲದೆ ಬರೀ ಕೋಕೋಪೀಟು, ಗೊಬ್ಬರದಲ್ಲಿ ಬೆಳೆಸುವವರು ಈಗ ಜಾಸ್ತಿ. ನನ್ನ ಅನುಭವದಲ್ಲಿ ಹೊಸಬರಿಗೆ ಅದು ಕಷ್ಟ. ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೇ ಆರುತ್ತದೆ, ಪೋಷಕಾಂಶ ಹಿಡಿದಿಡುವ ಜೇಡಿಯೂ ಇಲ್ಲ. ಸ್ವಲ್ಪ ಮಣ್ಣು ಇರಲೇಬೇಕು.

ಇನ್ನೊಂದು ಉಪ್ಪು ನಿಮ್ಮ ನೀರಿನದ್ದು. ಬೋರ್‌ವೆಲ್ ನೀರು ಗಡಸಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ತಿಂಗಳುಗಳು ಕಳೆದಂತೆ ಮಣ್ಣು ಕ್ಷಾರವಾಗುತ್ತದೆ. ಆಗ ಕಬ್ಬಿಣದ ಅಂಶ ಮಣ್ಣಲ್ಲಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಗುರುತು ಸುಲಭ. ತುದಿಯ ಎಳೆ ಎಲೆ ಹಳದಿ, ನರಗಳು ಮಾತ್ರ ಹಸಿರು. ಸಾರಜನಕದ ಕೊರತೆ ಹಳೆಯ ಎಲೆಯಿಂದ ಶುರುವಾಗುತ್ತದೆ, ಇದು ಹೊಸ ಎಲೆಯಿಂದ. ಈ ಒಂದು ವ್ಯತ್ಯಾಸ ನೆನಪಿಟ್ಟರೆ ಎಷ್ಟೋ ತಪ್ಪು ಮದ್ದು ತಪ್ಪುತ್ತದೆ ಅಲ್ವಾ? ಮಳೆ ನೀರು ಹಿಡಿದಿಟ್ಟು ಹಾಕಿ, ಮಳೆಗಾಲದಲ್ಲಿ ಕುಂಡಗಳನ್ನು ಒಂದೆರಡು ದೊಡ್ಡ ಮಳೆಗೆ ಚೆನ್ನಾಗಿ ನೆನೆಯಲು ಬಿಡಿ, ಉಪ್ಪು ತೊಳೆದು ಹೋಗುತ್ತದೆ. ಇಂಥ ಕುಂಡಕ್ಕೆ ಒಲೆ ಬೂದಿ ಮಾತ್ರ ಹಾಕಬೇಡಿ.

ಯಾವುದು ಅಂತ ಗೊತ್ತಾಗದಿದ್ದರೆ ಸಾಸಿವೆ ಪರೀಕ್ಷೆ

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದು. ಮೂರು ಲೋಟ, ತಳದಲ್ಲಿ ತೂತು. ಒಂದರಲ್ಲಿ ನಿಮ್ಮ ಮಿಶ್ರಣ ಇದ್ದ ಹಾಗೇ. ಎರಡನೆಯದರಲ್ಲಿ ಅದೇ ಮಿಶ್ರಣ, ಆದರೆ ಮೂರ್ನಾಲ್ಕು ಸಲ ನೀರು ಸುರಿದು ಬಸಿದದ್ದು. ಮೂರನೆಯದರಲ್ಲಿ ಗಿಡ ಚೆನ್ನಾಗಿ ಬೆಳೆಯುತ್ತಿರುವ ಯಾವುದಾದರೂ ಜಾಗದ ಮಣ್ಣು, ಪಕ್ಕದ ಮನೆಯ ತುಳಸಿ ಕಟ್ಟೆಯದಾದರೂ ಸರಿ. ಒಗ್ಗರಣೆ ಡಬ್ಬದ ಸಾಸಿವೆ 20 ಕಾಳು ಎಣಿಸಿ ಒಂದೊಂದು ಲೋಟಕ್ಕೆ ಹಾಕಿ.

ಒಂದನೆಯದರಲ್ಲಿ ಮೊಳಕೆ ಕಡಿಮೆ ಬಂದು ಎರಡನೆಯದರಲ್ಲಿ ಚೆನ್ನಾಗಿ ಬಂದರೆ ತೊಂದರೆ ನೀರಲ್ಲಿ ಕರಗುವಂಥದ್ದು, ಉಪ್ಪೋ ಅಮೋನಿಯಾವೋ. ಮೂರರಲ್ಲೂ ಮೊಳೆತು, ಎರಡು ವಾರದ ಹೊತ್ತಿಗೆ ಮೊದಲೆರಡು ಲೋಟದ ಸಸಿ ಮಾತ್ರ ಪೇಲವವಾಗಿ ನಿಂತರೆ ಸಾರಜನಕ ಸಿಗುತ್ತಿಲ್ಲ, ಕೊಳೆಯದ ವಸ್ತು ಜಾಸ್ತಿ ಇದೆ. ಮೊಳೆತ ಸಸಿ ಬುಡದಲ್ಲಿ ಸಣ್ಣಗಾಗಿ ಮಗುಚಿ ಬಿದ್ದರೆ ಅದು ಬುಡಕೊಳೆ ಶಿಲೀಂಧ್ರ, ನೀರು ಕಡಿಮೆ ಮಾಡಿ, ಮುಂದಿನ ಸಲ ಮಾಗಿದ ಗೊಬ್ಬರಕ್ಕೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಸೇರಿಸಿ ಕಲಸಿ. ಮೂರರಲ್ಲೂ ಮೊಳೆಯದಿದ್ದರೆ ಸಾಸಿವೆಯೇ ಹಳೆಯದು. ಸರಿಪಡಿಸುವಾಗಲೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಹುಳು, ಇರುವೆ, ಅಣಬೆ

ಮಣ್ಣಿನ ಮೇಲೆ ಹಾರಾಡುವ ಸಣ್ಣ ಕಪ್ಪು ನೊಣ ಒದ್ದೆ ಜಾಸ್ತಿಯಾಗಿದೆ ಅನ್ನುವುದರ ಗುರುತು. ಮೇಲಿನ ಒಂದು ಇಂಚು ಒಣಗಲು ಬಿಡಿ, ಹಳದಿ ಅಂಟು ಹಾಳೆ ನೆಡಿ. ಟೀ ಪುಡಿ, ಬಾಳೆಹಣ್ಣಿನ ಸಿಪ್ಪೆ, ತರಕಾರಿ ತೊಟ್ಟು ಇವನ್ನು ಸುಮ್ನೆ ಕುಂಡಕ್ಕೆ ಹಾಕುವುದು ನಿಲ್ಲಿಸಿ, ಕಾಂಪೋಸ್ಟ್ ಡಬ್ಬಕ್ಕೆ ಹಾಕಿ. ಗಿಡ ಮುಟ್ಟಿದರೆ ಬೇರಿಲ್ಲದೆ ಕೈಗೆ ಬಂದರೆ ಗೊಣ್ಣೆಹುಳು. ಬೆಳ್ಳಗೆ, ದಪ್ಪಗೆ, ಕೊಕ್ಕೆಯ ಹಾಗೆ ಬಾಗಿರುತ್ತದೆ, ಕೊಟ್ಟಿಗೆ ಗೊಬ್ಬರದ ಜೊತೆ ಬರುತ್ತದೆ. ಗೊಬ್ಬರ ಜರಡಿ ಹಿಡಿದೇ ಹಾಕಿದರೆ ಮುಕ್ಕಾಲು ಪಾಲು ತಪ್ಪುತ್ತದೆ. ಇರುವೆ ಗೂಡು ಕಟ್ಟಿದರೆ ಕುಂಡ ಒಣಗಿದೆ, ಬೇರಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯಾ ಅಂತಲೂ ನೋಡಿ. ಬಿಳಿ ನೂಲಿನಂಥ ಬೂಸ್ಟು, ಪುಟ್ಟ ಅಣಬೆ ಎದ್ದರೆ ಗಾಬರಿ ಬೇಡ, ಗೊಬ್ಬರ ಕೊಳೆಯುತ್ತಿದೆ ಅಷ್ಟೇ. ಮಕ್ಕಳು ಬಾಯಿಗೆ ಹಾಕದಂತೆ ಕಿತ್ತುಬಿಡಿ. ಬೇರುಗಂಟಿನ ಜಂತುಹುಳು ಇದ್ದ ಮಣ್ಣನ್ನು ಮಾರ್ಚ್-ಮೇ ಬಿಸಿಲಲ್ಲಿ ತೇವ ಮಾಡಿ ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಹೊದಿಸಿ 4ರಿಂದ 6 ವಾರ ಬಿಡಿ.

ಕೆಲವು ತಿಂಗಳಲ್ಲಿ ಮಣ್ಣು ಎರಡು ಮೂರು ಇಂಚು ಕೆಳಗಿಳಿದರೆ ಅದು ದೋಷವಲ್ಲ. ಗೊಬ್ಬರ ಕರಗಿದೆ. ಮೇಲೆ ಮಾಗಿದ ಗೊಬ್ಬರ ತುಂಬಿಸಿ.

ಮತ್ತೆ ಕಲಸುವಾಗ

ಈಗ ನಾನು ಬಾಂಡಲಿ ಲೆಕ್ಕದಲ್ಲಿ ಎರಡು ಜರಡಿ ಹಿಡಿದ ಕೆಂಪು ಮಣ್ಣು, ಎರಡು ತೊಳೆದ ಕೋಕೋಪೀಟು, ಎರಡು ಮಾಗಿದ ಗೊಬ್ಬರ, ಒಂದು ಕಪ್ಪು ಹೊಟ್ಟು ಹಾಕುತ್ತೇನೆ. ಮಣ್ಣು ಜೇಡಿಯಾಗಿದ್ದರೆ ಅದನ್ನು ಒಂದೂವರೆಗೆ ಇಳಿಸಿ ಹೊಟ್ಟು ಒಂದೂವರೆ ಮಾಡುತ್ತೇನೆ. ಕಲಸಿ ಎರಡು ವಾರ ನೆರಳಲ್ಲಿ. ಆಮೇಲೆ ಸಾಸಿವೆ ಲೋಟ. ಆಮೇಲೆ ಬ್ಯಾಗಿಗೆ. ಮೊದಲ ಬೆಳೆ ಹರಿವೆ ಸೊಪ್ಪು, ಒಂದು ತಿಂಗಳಲ್ಲಿ ಕೈಗೆ ಬರುತ್ತದೆ, ಮಣ್ಣಲ್ಲಿ ಏನಾದರೂ ಉಳಿದಿದ್ದರೆ ಅದೇ ಹೇಳುತ್ತದೆ. ಆ 14 ಬ್ಯಾಗಿನ ಮಣ್ಣನ್ನು ಹೀಗೇ ಮತ್ತೆ ಕಲಸಿ ಚಿತ್ತೆ ಮಳೆ ಮುಗಿದ ಮೇಲೆ ಟೊಮೆಟೊ ನೆಟ್ಟೆ, ಈ ಸಲ ಬೇರು ಬ್ಯಾಗಿನ ತಳದವರೆಗೂ ಬೆಳ್ಳಗೆ ಇಳಿದಿತ್ತು.

ಪ್ರತಿ ಬ್ಯಾಗಿಗೂ ಒಂದು ಚೀಟಿ ಕಟ್ಟಿದ್ದೇನೆ, ಮಾರ್ಕರ್ ಪೆನ್ನಿನಲ್ಲಿ ಬರೆದದ್ದು. ಕಲಸಿದ ತಾರೀಖು, ಗೊಬ್ಬರ ಎಲ್ಲಿಯದು, ಕೋಕೋಪೀಟ್ ಎಷ್ಟು ಸಲ ತೊಳೆದೆ, ಹಿಂಡಿ ಹಾಕಿದೆನೋ ಇಲ್ಲವೋ. ಹೋದ ವರ್ಷ ಮೂರು ಬ್ಯಾಗಿನ ಬದನೆ ಒಟ್ಟಿಗೆ ಬಾಡಿದಾಗ ಚೀಟಿ ನೋಡಿದೆ. ಮೂರಕ್ಕೂ ಒಂದೇ ಚೀಲದ ಗೊಬ್ಬರ. ಬಿಚ್ಚಿದರೆ ಒಳಗೆ ಗೊಣ್ಣೆಹುಳು ಇತ್ತು. ಉಳಿದ ಬ್ಯಾಗುಗಳನ್ನು ಮುಟ್ಟಬೇಕಾಗಲಿಲ್ಲ.